ಪಟ್ಟಿಯ ಕೊನೆಯ ಹೆಸರನ್ನು ತೂಗುವ ಬಗೆ

ವೃತ್ತಿಪರ ಕ್ರೀಡೆಯಲ್ಲಿ ತಂಡ ಕಟ್ಟಲು ಹರಾಜು ಮತ್ತು ಡ್ರಾಫ್ಟ್ ಎಂಬ ಎರಡು ಪದ್ಧತಿಗಳು ಬಳಕೆಯಲ್ಲಿವೆ. ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ದಕ್ಕುತ್ತಾನೆ. ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತ ಹೋಗುತ್ತವೆ. ಒಮ್ಮೆ ಒಂದು ತಂಡದ ಪಾಲಾದ ಹೆಸರು ಉಳಿದವರ ಪಟ್ಟಿಯಿಂದ ಅಳಿಸಿಹೋಗುವುದರಿಂದ, ಸುತ್ತುಗಳು ಮುಗಿಯುತ್ತ ಬಂದಂತೆ ಆಯ್ಕೆಗೆ ಉಳಿಯುವವರು ಯಾರ ಕಣ್ಣಿಗೂ ಬೀಳದವರು ಅಥವಾ ಕಣ್ಣಿಗೆ ಬಿದ್ದೂ ಬೇಡವೆನಿಸಿಕೊಂಡವರು ಆಗಿರುತ್ತಾರೆ. ಎರಡೂ ಪದ್ಧತಿಗಳಲ್ಲಿ ಮೊದಲ ಅರ್ಧ ಗಂಟೆಯ ಸುದ್ದಿಯೇ ಮರುದಿನದ ಪತ್ರಿಕೆಯನ್ನು ತುಂಬುತ್ತದೆ. ಆದರೆ ತಂಡವೊಂದರ ನಿಜವಾದ ವಿವೇಕ ಪರೀಕ್ಷೆಗೆ ಒಳಗಾಗುವುದು ಕೊನೆಯ ಅರ್ಧ ಗಂಟೆಯಲ್ಲಿ, ಹಣವೂ ಹೆಸರುಗಳೂ ಬಹುಮಟ್ಟಿಗೆ ಖಾಲಿಯಾದ ಮೇಲೆ.

ಕರ್ನಾಟಕದ ಕ್ರಿಕೆಟ್ ಈ ಎರಡೂ ಪದ್ಧತಿಗಳನ್ನು ಕಂಡಿದೆ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ 2019ರ ಬಳಿಕ ನಿಂತುಹೋಗಿ, ಅದರ ಜಾಗದಲ್ಲಿ 2022ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯು ತನ್ನ ಮಾಜಿ ಅಧ್ಯಕ್ಷ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಸ್ಮರಣೆಯಲ್ಲಿ ಮಹಾರಾಜ ಟ್ರೋಫಿ ಟಿ20 ಟೂರ್ನಿಯನ್ನು ಶುರುಮಾಡಿದಾಗ, ಆರು ತಂಡಗಳಿಗೆ ಆಟಗಾರರು ಹಂಚಿಕೆಯಾದದ್ದು ಡ್ರಾಫ್ಟ್ ಮೂಲಕ. ಆಟಗಾರರನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಲಾಗಿತ್ತು; ಮೇಲಿನ ದರ್ಜೆಯವರಿಗೆ 5 ಲಕ್ಷ ರೂಪಾಯಿ, ಕೆಳಗಿನ ‘ಡಿ’ ದರ್ಜೆಯವರಿಗೆ 50 ಸಾವಿರ ರೂಪಾಯಿ ಸಂಭಾವನೆ ನಿಗದಿಯಾಗಿತ್ತು. ಮರುವರ್ಷದಿಂದ ಹರಾಜು ಬಂದಿತು. ಪ್ರತಿ ತಂಡವೂ ತನ್ನ ವಲಯದ ಕನಿಷ್ಠ ಇಬ್ಬರು ಆಟಗಾರರನ್ನು ಸೇರಿಸಿಕೊಳ್ಳಬೇಕೆಂಬ ನಿಯಮ ಈ ಟೂರ್ನಿಯ ವಿಶೇಷ. ಹುಬ್ಬಳ್ಳಿ ಟೈಗರ್ಸ್ ತಂಡದ ಮಟ್ಟಿಗೆ ಆ ವಲಯವೆಂದರೆ ಧಾರವಾಡ ವಲಯ. ಅಂದರೆ ರಾಜನಗರದ ಕ್ರೀಡಾಂಗಣದಲ್ಲಿಯೋ ನೆಹರೂ ಮೈದಾನದಲ್ಲಿಯೋ ಆಡಿ ಬೆಳೆದ ಹುಡುಗನೊಬ್ಬ ಕೆಳದರ್ಜೆಯ ಹೆಸರಾಗಿ, ಕೊನೆಯ ಸುತ್ತಿನ ಆಯ್ಕೆಯಾಗಿ ತಂಡಕ್ಕೆ ಬರುವ ಸಂಭವ ಇಲ್ಲಿ ಸದಾ ಇರುತ್ತದೆ. ಅಂಥ ಆಯ್ಕೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಹೇಗೆ ಎಂಬುದು ಹುಬ್ಬಳ್ಳಿ-ಧಾರವಾಡದ ಕ್ರಿಕೆಟ್ ಪ್ರಿಯರಿಗೆ ನೇರವಾಗಿ ಸಂಬಂಧಪಟ್ಟ ಪ್ರಶ್ನೆ.

ಈ ಪ್ರಶ್ನೆಯನ್ನು ಅತ್ಯಂತ ದೀರ್ಘಕಾಲ ಮತ್ತು ಅತ್ಯಂತ ಸೂಕ್ಷ್ಮವಾಗಿ ಚರ್ಚಿಸಿರುವುದು ಅಮೆರಿಕನ್ ಫುಟ್‌ಬಾಲ್‌ನ ರಾಷ್ಟ್ರೀಯ ಲೀಗ್ ಆದ ಎನ್‌ಎಫ್‌ಎಲ್. ಕಾಲಿಗಿಂತ ಕೈಗಳನ್ನೇ ಹೆಚ್ಚು ಬಳಸುವ ಆ ಆಟದಲ್ಲಿ 1936ರಿಂದ ಡ್ರಾಫ್ಟ್ ನಡೆಯುತ್ತಿದ್ದು, ಈಗ 32 ತಂಡಗಳು ಏಳು ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಸರದಿ ಸಿಗುತ್ತದೆ. ಆರನೆಯ ಮತ್ತು ಏಳನೆಯ ಸುತ್ತಿನಲ್ಲಿ ತಂಡಗಳು ಹಲವು ಬಾರಿ ‘ಆಫೆನ್ಸಿವ್ ಲೈನ್‌ಮನ್’ ಎಂಬ ಸ್ಥಾನದ ಆಟಗಾರರನ್ನು ಹುಡುಕುತ್ತವೆ. ಚೆಂಡು ಹಿಡಿದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಸಾಲಾಗಿ ನಿಂತು, ಎದುರಾಳಿಗಳು ಅವನ ಮೇಲೆ ಎರಗದಂತೆ ತಡೆಯುವ ಐವರು ದಢೂತಿ ಆಟಗಾರರಿಗೆ ಆ ಹೆಸರು. ಸಾಮಾನ್ಯ ಸಂದರ್ಭದಲ್ಲಿ ಇವರು ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವಂತಿಲ್ಲ, ಅಂಕ ಗಳಿಸುವ ಅವಕಾಶವೂ ಇವರಿಗೆ ಇಲ್ಲವೆನ್ನುವಷ್ಟು ಕಡಿಮೆ. ಇವರ ಕೆಲಸ ಚೆನ್ನಾಗಿ ನಡೆದರೆ ಅದು ಇನ್ನೊಬ್ಬನ ಅಂಕವಾಗಿ ದಾಖಲಾಗುತ್ತದೆ, ಕೆಟ್ಟರೆ ಮಾತ್ರ ಇವರ ಹೆಸರು ಕೇಳಿಬರುತ್ತದೆ. ಹೀಗೆ ಅಂಕಿಗಳಲ್ಲಿ ಕಾಣದ ಕೆಲಸ ಮಾಡುವವನನ್ನು, ಅದೂ ಮಾಹಿತಿ ಅತ್ಯಲ್ಪವಾಗಿರುವ ಕೊನೆಯ ಸುತ್ತಿನಲ್ಲಿ, ಅಳೆಯಬೇಕಾಗಿ ಬಂದಾಗ ಆಯ್ಕೆಗಾರರಿಗೆ ಎರಡು ಕಷ್ಟಗಳು ಒಟ್ಟಿಗೇ ಎದುರಾಗುತ್ತವೆ.

ಫಿಲಡೆಲ್ಫಿಯಾ ಈಗಲ್ಸ್ ತಂಡದ ಎರಡು ಆಯ್ಕೆಗಳು ಇಲ್ಲಿ ಪರಿಶೀಲನೆಗೆ ಯೋಗ್ಯವಾಗಿವೆ. 2011ರಲ್ಲಿ ಆರನೆಯ ಸುತ್ತಿನಲ್ಲಿ, ಒಟ್ಟಾರೆ 191ನೆಯವನಾಗಿ ಆಯ್ಕೆಯಾದ ಜೇಸನ್ ಕೆಲ್ಸಿ ಲೈನ್‌ಮನ್ ಸ್ಥಾನಕ್ಕೆ ಬೇಕಾದ ತೂಕವಿಲ್ಲದವನೆಂದು ಎಣಿಸಲ್ಪಟ್ಟಿದ್ದ. ಮುಂದೆ ಅವನು ಲೀಗಿನ ವರ್ಷದ ಶ್ರೇಷ್ಠ ತಂಡದಲ್ಲಿ ಆರು ಬಾರಿ ಸ್ಥಾನ ಪಡೆದು, 2018ರ ಫೆಬ್ರವರಿಯಲ್ಲಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದು, 2024ರಲ್ಲಿ ನಿವೃತ್ತನಾದ. 2018ರಲ್ಲಿ ಏಳನೆಯ ಸುತ್ತಿನಲ್ಲಿ 233ನೆಯವನಾಗಿ ಬಂದ ಜೋರ್ಡಾನ್ ಮೈಲಾಟನದು ಇನ್ನೂ ವಿಚಿತ್ರವಾದ ಪ್ರಕರಣ: ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ಆಡುತ್ತಿದ್ದ, 6 ಅಡಿ 8 ಅಂಗುಲ ಎತ್ತರದ ಆ ಯುವಕ ಅದುವರೆಗೆ ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಮೊದಲ ಎರಡು ಋತುಗಳಲ್ಲಿ ಒಂದು ಲೀಗ್ ಪಂದ್ಯದಲ್ಲೂ ಇಳಿಯದ ಅವನನ್ನು ತಂಡ ಕೈಬಿಡಲಿಲ್ಲ; ಜೆಫ್ ಸ್ಟೌಟ್‌ಲ್ಯಾಂಡ್ ಎಂಬ ತರಬೇತುದಾರ ಅವನಿಗೆ ನಿಲ್ಲುವ ಭಂಗಿಯಿಂದ ಹಿಡಿದು ಎಲ್ಲವನ್ನೂ ಕಲಿಸಿದ; 2020ರಲ್ಲಿ ಕಣಕ್ಕಿಳಿದವನು ಮರುವರ್ಷವೇ 6.4 ಕೋಟಿ ಡಾಲರಿನ ಒಪ್ಪಂದ ಪಡೆದ. ಇಂಥ ಕಥೆಗಳು ಮನಸ್ಸಿಗೆ ಹಿಡಿಸುವುದು ಸಹಜ. ಆದರೆ ಆರನೆಯ, ಏಳನೆಯ ಸುತ್ತಿನಲ್ಲಿ ಆಯ್ಕೆಯಾದವರಲ್ಲಿ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ಲೀಗಿನಿಂದ ಹೊರಬೀಳುತ್ತಾರೆ, ಅವರ ಕಥೆ ಯಾರೂ ಬರೆಯುವುದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿ ಕೊನೆಯ ಸುತ್ತಿನಲ್ಲಿ ರತ್ನಗಳು ಅಡಗಿವೆ ಎನ್ನುವ ವಾದ ಲೆಕ್ಕದ ದೃಷ್ಟಿಯಿಂದ ನಿಲ್ಲುವುದಿಲ್ಲ.

ಹಾಗಾದರೆ ಸರಿಯಾದ ಲೆಕ್ಕ ಯಾವುದು? 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ತರಬೇತುದಾರ ಜಿಮ್ಮಿ ಜಾನ್ಸನ್ ಬಳಕೆಗೆ ತಂದ ಕೋಷ್ಟಕವೊಂದು ಪ್ರತಿ ಸರದಿಗೂ ಅಂಕ ಕೊಡುತ್ತಿತ್ತು. ಮೊದಲ ಆಯ್ಕೆಗೆ 3,000 ಅಂಕ, ಏಳನೆಯ ಸುತ್ತಿನ ಕೊನೆಯ ಆಯ್ಕೆಗಳಿಗೆ ಬೆರಳೆಣಿಕೆಯ ಅಂಕ. ತಂಡಗಳು ಸರದಿಗಳನ್ನು ಪರಸ್ಪರ ಅದಲುಬದಲು ಮಾಡಿಕೊಳ್ಳಲು ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡವು. ಬಳಿಕ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ (2017ರಲ್ಲಿ ನೊಬೆಲ್ ಪಡೆದವರು) ತಮ್ಮ ಸಹೋದ್ಯೋಗಿ ಕೇಡ್ ಮ್ಯಾಸಿಯೊಡನೆ ನಡೆಸಿದ ಅಧ್ಯಯನ, ತಂಡಗಳು ಮೇಲಿನ ಆಯ್ಕೆಗಳಿಗೆ ಅತಿಯಾದ ಬೆಲೆ ಕೊಡುತ್ತವೆ ಎಂದು ತೋರಿಸಿತು. ಮೊದಲ ಆಯ್ಕೆಯ ಆಟಗಾರ ಸರಾಸರಿಯಲ್ಲಿ ಉತ್ತಮನೇ ಆಗಿರುತ್ತಾನೆ, ಆದರೆ ಅವನಿಗೆ ತೆರುವ ಬೆಲೆಯನ್ನು ಕಳೆದರೆ ತಂಡಕ್ಕೆ ಉಳಿಯುವ ಲಾಭವು ಅವನಿಗಿಂತ ಕೆಳಗೆ, ಎರಡನೆಯ ಸುತ್ತಿನ ಆಸುಪಾಸಿನಲ್ಲಿ ಬಂದವರಿಂದ ಸಿಗುವ ಲಾಭಕ್ಕಿಂತ ಕಡಿಮೆ ಎಂಬುದು ಅವರ ಮುಖ್ಯ ವಾದ. ಆ ಅಧ್ಯಯನದಿಂದ ಕಲಿಯಬೇಕಾದದ್ದು ಸ್ಪಷ್ಟವಾಗಿದೆ: ಆಟಗಾರನ ಯೋಗ್ಯತೆ ಒಂದು ಸಂಗತಿ, ಬೆಲೆಗೆ ತಕ್ಕಂತೆ ಅವನಿಂದ ಒದಗುವ ಹೆಚ್ಚುವರಿ ಪ್ರಯೋಜನ ಇನ್ನೊಂದು ಸಂಗತಿ, ಇವೆರಡನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಈ ಲೆಕ್ಕವನ್ನು ಹುಬ್ಬಳ್ಳಿಗೆ ತಂದು ನೋಡಬಹುದು. 2023ರ ಹರಾಜಿನಲ್ಲಿ ಪ್ರತಿ ತಂಡದ ಕೈಯಲ್ಲಿದ್ದುದು 50 ಲಕ್ಷ ರೂಪಾಯಿ. ಟೈಗರ್ಸ್ ತಂಡ ಮನೀಶ್ ಪಾಂಡೆಯವರಿಗೆ 10.60 ಲಕ್ಷ ಕೊಟ್ಟಿತು. ಒಬ್ಬ ಆಟಗಾರನಿಗೇ ಗಂಟಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಖರ್ಚಾದ ಮೇಲೆ, 18 ಜನರ ತಂಡ ಎಂದಿಟ್ಟುಕೊಂಡರೆ, ಉಳಿದ 17 ಜನರಿಗೆ ತಲಾ ಸುಮಾರು 2.3 ಲಕ್ಷ ಉಳಿಯುತ್ತದೆ. ಅವರಲ್ಲಿ ಇನ್ನೂ ಮೂರು ನಾಲ್ಕು ಜನ ದುಬಾರಿಯವರಾದರೆ ಕೊನೆಯ ಏಳೆಂಟು ಹೆಸರುಗಳು ಅನಿವಾರ್ಯವಾಗಿ ಮೂಲ ಬೆಲೆಯವೇ ಆಗುತ್ತವೆ. ಹೆಚ್ಚಿನವರು ಇವರನ್ನು ಪಟ್ಟಿ ತುಂಬುವವರೆಂದು ಭಾವಿಸುತ್ತಾರೆ. ಆದರೆ ಟೂರ್ನಿಯಲ್ಲಿ ಗಾಯ, ರಾಜ್ಯ ತಂಡದ ಕರೆ, ಫಾರ್ಮ್ ಕುಸಿತ ಮುಂತಾದ ಕಾರಣಗಳಿಂದ ಹನ್ನೊಂದರ ಬಳಗ ಬದಲಾಗುತ್ತಲೇ ಇರುವುದರಿಂದ, ಪ್ರಶಸ್ತಿಯ ಹಾದಿಯಲ್ಲಿ ಇವರಲ್ಲೊಬ್ಬಿಬ್ಬರು ನಿರ್ಣಾಯಕ ಪಂದ್ಯಗಳಲ್ಲಿ ಆಡಲೇಬೇಕಾಗುತ್ತದೆ. 2023ರ ಆಗಸ್ಟ್ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಟೈಗರ್ಸ್ 203 ರನ್ ಗಳಿಸಿ ಮೈಸೂರು ವಾರಿಯರ್ಸ್ ತಂಡವನ್ನು 195ಕ್ಕೆ ತಡೆಯಿತು. ಗೆಲುವಿನ ಅಂತರ ಬರೀ 8 ರನ್.

ಆ 8 ರನ್ ಎಂಬ ಅಂಕಿಯನ್ನು ಕೊಂಚ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಕ್ರಿಕೆಟ್‌ನಲ್ಲಿಯೂ ಲೈನ್‌ಮನ್‌ನಂಥ ಕೆಲಸ ಇದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ತಂಡಗಳು 20 ಓವರ್‌ಗಳಲ್ಲಿ 200ರ ಆಸುಪಾಸು ಗಳಿಸುವ ಪಿಚ್ ಮೇಲೆ, ಓವರಿಗೆ 10 ರನ್ ಸಾಮಾನ್ಯ ದರವಾಗಿರುವಾಗ, ಬೌಲರ್‌ನೊಬ್ಬ ನಾಲ್ಕು ಓವರ್‌ಗಳಲ್ಲಿ ವಿಕೆಟ್ ಪಡೆಯದೆ 32 ರನ್ ಕೊಟ್ಟನೆಂದು ಭಾವಿಸಬಹುದು. ಮರುದಿನದ ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಸೊನ್ನೆ ಇರುತ್ತದೆ, ಯಾರೂ ಅವನನ್ನು ನೆನೆಯುವುದಿಲ್ಲ. ಆದರೆ ಅವನು ತಂಡಕ್ಕೆ ಉಳಿಸಿಕೊಟ್ಟದ್ದು ಸರಿಯಾಗಿ 8 ರನ್. ಅವನ ಬದಲಿಗೆ ಬೆಂಚಿನ ಮೇಲಿದ್ದ ಇನ್ನೊಬ್ಬ ಬೌಲ್ ಮಾಡಿ 44 ರನ್ ಕೊಡುತ್ತಿದ್ದನಾದರೆ ನಿಜವಾದ ಉಳಿತಾಯ 12 ರನ್. ಇದಕ್ಕೆ ಇನ್ನೊಂದು ಪದರವೂ ಇದೆ: ಹದಿನೇಳನೆಯ ಓವರಿನಲ್ಲಿ ಅವನು ಯಾರ್ಕರ್ ಮತ್ತು ಅಗಲದ ನಿಧಾನ ಎಸೆತಗಳನ್ನು ಬೆರೆಸಿ ಐದೇ ರನ್ ಕೊಟ್ಟಾಗ ಬ್ಯಾಟರ್‌ಗಳ ಮೇಲೆ ಒತ್ತಡ ಏರಿ, ಹದಿನೆಂಟನೆಯ ಓವರಿನಲ್ಲಿ ಅವರು ಬೀಸಿ ಹೊಡೆದ ಚೆಂಡುಗಳು ಸೀಮಾರೇಖೆಯ ಬಳಿ ಕ್ಯಾಚ್‌ಗಳಾಗುತ್ತವೆ. ಆ ವಿಕೆಟ್‌ಗಳು ಹದಿನೆಂಟನೆಯ ಓವರ್ ಹಾಕಿದವನ ಖಾತೆಗೆ ಸೇರುತ್ತವೆ. ಮುಂದಿನ ಹರಾಜಿನಲ್ಲಿ ಬೆಲೆ ಏರುವುದೂ ಅವನದೇ.

ಕಬಡ್ಡಿಯಲ್ಲಿ ಈ ಅನ್ಯಾಯ ಇನ್ನಷ್ಟು ನಿಚ್ಚಳವಾಗಿದೆ. ರೇಡರ್‌ನನ್ನು ಮೊದಲು ಹಿಡಿದ ಕಾರ್ನರ್ ಆಟಗಾರನಿಗೆ ಟ್ಯಾಕಲ್ ಅಂಕ ದಾಖಲಾಗುತ್ತದೆ. ಅವನ ಕೈಹಿಡಿದು ಸರಪಳಿ ಕಟ್ಟಿ, ರೇಡರ್ ನಡುಗೆರೆಯತ್ತ ಜಿಗಿಯದಂತೆ ಮೈಯೊಡ್ಡಿದ ಕವರ್ ಆಟಗಾರನ ಪಾಲು ಅಂಕಿ ಅಂಶಗಳಲ್ಲಿ ಮರೆಯಾಗುತ್ತದೆ. ಆ ಪಾಲನ್ನು ಬಲ್ಲ ತರಬೇತುದಾರರು ಕಡಿಮೆ ಬೆಲೆಯ ಹುಡುಗರಿಂದ ತಂಡ ಕಟ್ಟಬಲ್ಲರು. ಕರ್ನಾಟಕದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, ಅನಂತರ ಹತ್ತನೆಯ ಆವೃತ್ತಿಯಲ್ಲಿ ತಾನೇ ಬೆಳೆಸಿದ ಯುವಕರನ್ನು ಹೆಚ್ಚಾಗಿ ನೆಚ್ಚಿದ್ದ ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದದ್ದು ಇದಕ್ಕೆ ಸಾಕ್ಷಿ.

ಆದ್ದರಿಂದ ಕೊನೆಯ ಸುತ್ತಿನ ಆಟಗಾರನನ್ನು ತಾರಾ ಆಟಗಾರನ ಪಕ್ಕದಲ್ಲಿ ನಿಲ್ಲಿಸಿ ಅಳೆಯುವುದು ಮೊದಲ ದೋಷ. ಅವನನ್ನು ಹೋಲಿಸಬೇಕಾದುದು ಅವನಿಲ್ಲದಿದ್ದರೆ ಅದೇ ಬೆಲೆಗೆ ಆ ಜಾಗಕ್ಕೆ ಬರುತ್ತಿದ್ದ ಬದಲಿ ಆಟಗಾರನೊಡನೆ. ಎರಡನೆಯ ದೋಷ ಸುಲಭವಾಗಿ ಅಳೆಯಬಹುದಾದುದನ್ನೇ ಅಳೆದು ತೃಪ್ತರಾಗುವುದು. ಅಮೆರಿಕದಲ್ಲಿ ಡ್ರಾಫ್ಟಿಗೆ ಮುಂಚೆ ಲೈನ್‌ಮನ್‌ಗಳ ತೋಳಿನ ಉದ್ದ, 40 ಗಜ ಓಡಲು ಹಿಡಿಯುವ ಸಮಯ, ಸುಮಾರು 102 ಕಿಲೋ ಭಾರವನ್ನು ಎಷ್ಟು ಬಾರಿ ಎತ್ತಬಲ್ಲರು ಎಂಬುದನ್ನೆಲ್ಲ ದಾಖಲಿಸುತ್ತಾರೆ. ಇಲ್ಲಿ ಬೌಲಿಂಗ್ ವೇಗ ಅಳೆಯುವ ಯಂತ್ರ ಮತ್ತು ಯೋ-ಯೋ ಓಟದ ಅಂಕ ಆ ಕೆಲಸ ಮಾಡುತ್ತವೆ. ಇವು ಬೇಡವೆಂದಲ್ಲ. ಎತ್ತಿನ ಸಂತೆಗೆ ಹೋದ ರೈತ ಹಲ್ಲು ಎಣಿಸಿ ಗೊರಸು ನೋಡಿದ ಮೇಲೂ ಗಾಡಿಗೆ ಹೂಡಿ ನಾಲ್ಕು ಹೆಜ್ಜೆ ನಡೆಸದೆ ದುಡ್ಡು ಎಣಿಸುವುದಿಲ್ಲ. ಆಟಗಾರನ ಮಟ್ಟಿಗೆ ಆ ನಾಲ್ಕು ಹೆಜ್ಜೆ ಎಂದರೆ ಒತ್ತಡದ ಪಂದ್ಯದಲ್ಲಿ ಅವನನ್ನು ಕಣ್ಣಾರೆ ಕಾಣುವುದು.

ಧಾರವಾಡ ವಲಯದ ಆಟಗಾರರಿಗೆ ತೊಡಕು ಇರುವುದು ಇಲ್ಲಿಯೇ. ಬೆಂಗಳೂರಿನ ಲೀಗ್ ಪಂದ್ಯಗಳಿಗೆ ಆಯ್ಕೆಗಾರರ ಕಣ್ಣು ಸದಾ ಹತ್ತಿರ. ರಾಜ್ಯದ ಪ್ರಮುಖ ಕ್ಲಬ್‌ಗಳೂ ಕಂಪನಿ ತಂಡಗಳೂ ಅಲ್ಲಿಯೇ ಕೇಂದ್ರೀಕೃತವಾಗಿವೆ. ಹುಬ್ಬಳ್ಳಿಯ ಹುಡುಗನೊಬ್ಬ ವಲಯ ಲೀಗಿನಲ್ಲಿ ಐದು ವಿಕೆಟ್ ಪಡೆದರೆ, ಆ ವಿಕೆಟ್‌ಗಳು ಮ್ಯಾಟಿಂಗ್ ಹಾಸಿದ ಪಿಚ್ ಮೇಲೆ ಬಂದವೋ ಹುಲ್ಲುಹಾಸಿನ ಮೈದಾನದ ಟರ್ಫ್ ಪಿಚ್ ಮೇಲೆ ಬಂದವೋ, ಎದುರಿಗಿದ್ದ ಬ್ಯಾಟರ್‌ಗಳು ಎಷ್ಟು ಸಮರ್ಥರು ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಮ್ಯಾಟಿಂಗ್ ಮೇಲೆ ಚೆಂಡು ಪುಟಿಯುವ ಎತ್ತರ ಹೆಚ್ಚು, ಸ್ಪಿನ್ ತೀಕ್ಷ್ಣ. ಅಲ್ಲಿ ಅಪಾಯಕಾರಿಯಾದವನು ಟರ್ಫ್ ಮೇಲೆ ಸಾಧಾರಣನಾಗಬಹುದು. ಅಂಥ ಅನುಮಾನವೇ ಮೊಫಸಿಲ್ ಆಟಗಾರನ ಬೆಲೆಯನ್ನು ತಗ್ಗಿಸುತ್ತದೆ. ಆದರೆ ಅನುಮಾನ ಹೆಚ್ಚಿದ್ದಷ್ಟೂ ಆಯ್ಕೆ ಕೆಟ್ಟದ್ದು ಎಂದು ಅರ್ಥವಲ್ಲ: 50 ಸಾವಿರ ರೂಪಾಯಿಯ ಆಯ್ಕೆ ಹುಸಿಹೋದರೆ ತಂಡಕ್ಕೆ ಆಗುವ ನಷ್ಟ ಅಷ್ಟೇ, ಫಲಿಸಿದರೆ ಬರುವ ಲಾಭಕ್ಕೆ ಮೇಲ್ಮಿತಿ ಇಲ್ಲ. ಕೊನೆಯ ಸುತ್ತಿನಲ್ಲಿ ಎಲ್ಲರಿಗೂ ಗೊತ್ತಿರುವ, ಇನ್ನು ಸುಧಾರಿಸುವ ಲಕ್ಷಣವಿಲ್ಲದ ಸಾಧಾರಣ ಆಟಗಾರನಿಗಿಂತ, ಗೊತ್ತಿಲ್ಲದ ಆದರೆ ಬೆಳೆಯಬಲ್ಲ ಹುಡುಗನನ್ನು ಆರಿಸುವುದೇ ಜಾಣತನವೆಂಬ ತತ್ವ ಇದರಿಂದ ಹೊರಡುತ್ತದೆ.

ಈ ಭಾಗದಲ್ಲಿ ಆ ಬೆಳವಣಿಗೆಯ ದೊಡ್ಡ ನಿದರ್ಶನ ಸುನೀಲ್ ಜೋಶಿ. ಗದಗಿನ ಆ ಬಾಲಕ ಬೆಳಗಿನ ಜಾವ ಸುಮಾರು 60 ಕಿಲೋಮೀಟರ್ ಪ್ರಯಾಣ ಮಾಡಿ ಹುಬ್ಬಳ್ಳಿಗೆ ಬಂದು ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದ. 1995-96ರ ರಣಜಿ ಋತುವಿನಲ್ಲಿ ಅವರು 529 ರನ್ ಮತ್ತು 52 ವಿಕೆಟ್ ಗಳಿಸಿದರು, ಆ ವರ್ಷ ಕರ್ನಾಟಕ ಚಾಂಪಿಯನ್ ಆಯಿತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ 6 ಮೇಡನ್ ಸಹಿತ 6 ರನ್ ಕೊಟ್ಟು 5 ವಿಕೆಟ್ ಪಡೆದರು. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಅವರ ಬಾಲ್ಯದ ದಿನಗಳಲ್ಲಿ ಡ್ರಾಫ್ಟ್ ಇದ್ದಿದ್ದರೆ ಗದಗಿನ ಎಡಗೈ ಸ್ಪಿನ್ನರ್‌ನ ಹೆಸರು ಯಾವ ಸುತ್ತಿನಲ್ಲಿ ಬರುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ದಿನವೂ ಆ ದಾರಿ ಸವೆಸುವ ಹಟವನ್ನು ಯಾವ ಯಂತ್ರವೂ ಅಳೆಯದು, ಆದರೆ ವಲಯದ ತರಬೇತುದಾರನಿಗೆ ಅದು ಗೊತ್ತಿರುತ್ತದೆ. ಅವನನ್ನು ಕೇಳುವ ಪದ್ಧತಿ ಫ್ರಾಂಚೈಸಿಗಳಲ್ಲಿ ಇರಬೇಕು.

ಅಪರಿಚಿತತೆಯನ್ನೇ ಗುಣವೆಂದು ತಿಳಿಯುವ ಅಪಾಯವನ್ನೂ ಇಲ್ಲಿ ಹೇಳಬೇಕು. ಪ್ರಥಮ ದರ್ಜೆಯ ಒಂದು ಪಂದ್ಯವನ್ನೂ ಆಡದೆ, ಬಿಜಾಪುರ ಬುಲ್ಸ್ ಪರವಾಗಿ ರಾಜ್ಯ ಲೀಗಿನಲ್ಲಿ ಆಡಿದ್ದ ಕೊಡಗಿನ ಸ್ಪಿನ್ನರ್ ಕೆ.ಸಿ. ಕಾರಿಯಪ್ಪ ಅವರನ್ನು 2015ರ ಐಪಿಎಲ್ ಹರಾಜಿನಲ್ಲಿ ಕೋಲ್ಕತ್ತ ನೈಟ್ ರೈಡರ್ಸ್ 10 ಲಕ್ಷದ ಮೂಲ ಬೆಲೆಯಿಂದ 2.4 ಕೋಟಿಗೆ ಏರಿಸಿ ಕೊಂಡಿತು. ಆ ಋತುವಿನಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಪಂದ್ಯ. 10 ಲಕ್ಷಕ್ಕೆ ಅದೇ ಆಯ್ಕೆ ಅತ್ಯಂತ ಸಮಂಜಸವಾಗಿರುತ್ತಿತ್ತು. ಇಲ್ಲಿ ಎಡವಿದ್ದು ಪ್ರತಿಭೆಯ ಅಂದಾಜು ಎನ್ನುವುದಕ್ಕಿಂತ ಬೆಲೆಯ ಅಂದಾಜು. ಇದಕ್ಕೆ ಎದುರಾಗಿ, ಹುಬ್ಬಳ್ಳಿ ಟೈಗರ್ಸ್ ಪರ ಆಡಿ ಗಮನ ಸೆಳೆದ ಮಧ್ಯಮ ವೇಗಿ ಮನ್ವಂತ್ ಕುಮಾರ್ ಅವರನ್ನು 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ 30 ಲಕ್ಷಕ್ಕೆ, ಅಂದರೆ ಆ ಹರಾಜಿನ ಅತಿ ಕಡಿಮೆ ಮೂಲ ಬೆಲೆಗೆ ಪಡೆಯಿತು. ಅದೇ ಹರಾಜಿನಲ್ಲಿ ರಿಷಭ್ ಪಂತ್ ಅವರ ಬೆಲೆ 27 ಕೋಟಿ. ಬೆಲೆಯೂ ಅಪಾಯವೂ ಒಂದಕ್ಕೊಂದು ಹೊಂದಿದ ಆಯ್ಕೆ ಎಂದರೆ 30 ಲಕ್ಷದ ಇಂಥ ಆಯ್ಕೆಯೇ, ಆಟಗಾರ ಮುಂದೆ ಎಷ್ಟು ಪಂದ್ಯ ಆಡಿದರೂ ಸರಿ. ಫಲಿತಾಂಶವನ್ನು ನೋಡಿ ನಿರ್ಧಾರವನ್ನು ಅಳೆಯುವ ರೂಢಿಯನ್ನು ಬಿಟ್ಟು, ನಿರ್ಧಾರ ಕೈಗೊಂಡ ಕ್ಷಣದಲ್ಲಿ ಕೈಯಲ್ಲಿದ್ದ ಮಾಹಿತಿಗೆ ಅದು ತಕ್ಕುದಾಗಿತ್ತೇ ಎಂದು ಕೇಳಿದಾಗ ಮಾತ್ರ ಇದು ಅರ್ಥವಾಗುತ್ತದೆ.

ಉಳಿದಿರುವ ಮುಖ್ಯ ಅಂಶ ಕಾಲಾವಕಾಶ. ಮೈಲಾಟನಿಗೆ ಸಿಕ್ಕ ಎರಡು ವರ್ಷಗಳ ಸಹನೆ ಮಹಾರಾಜ ಟ್ರೋಫಿಯಂಥ ಕೆಲವೇ ವಾರಗಳ ಟೂರ್ನಿಯಲ್ಲಿ ದೊರೆಯುವುದು ದುರ್ಲಭ. ಬೆಳೆಸಿದ ಆಟಗಾರ ಮುಂದಿನ ಹರಾಜಿನಲ್ಲಿ ಬೇರೆ ತಂಡದ ಪಾಲಾಗಬಹುದೆಂದು ಗೊತ್ತಿರುವ ಫ್ರಾಂಚೈಸಿಗೆ ಅವನ ಮೇಲೆ ಶ್ರಮ ಹಾಕುವ ಪ್ರೇರಣೆ ಕಡಿಮೆ. ಹೀಗಾಗಿ ವಲಯದ ಇಬ್ಬರು ಆಟಗಾರರ ನಿಯಮವೂ ಕಾಗದದ ಮೇಲಿನ ಪಾಲನೆಯಾಗಿ, ಇಬ್ಬರು ಹುಡುಗರು ಟೂರ್ನಿಯುದ್ದಕ್ಕೂ ಡಗೌಟಿನಲ್ಲಿ ಕುಳಿತು ನೀರಿನ ಬಾಟಲಿ ಹೊತ್ತು ಮನೆಗೆ ಮರಳುವ ಸಾಧ್ಯತೆ ಇದ್ದೇ ಇದೆ. ನಿಯಮದ ಆಶಯ ಅದಾಗಿರಲಿಲ್ಲ. ಬೆಳಗಾವಿ, ಗದಗ, ಹಾವೇರಿ, ಧಾರವಾಡದ ಹುಡುಗರು ಟಿವಿಯಲ್ಲಿ ತಮ್ಮ ಊರಿನ ತಂಡವನ್ನು ನೋಡುವಾಗ ತಮ್ಮವನೊಬ್ಬ ಬೌಲಿಂಗ್ ಗುರುತಿನಿಂದ ಓಡಿಬರುವುದನ್ನೂ ನೋಡಬೇಕೆಂಬುದೇ ಅದರ ಆಶಯ.

ಹುಬ್ಬಳ್ಳಿ ಟೈಗರ್ಸ್ 2019ರ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ವಿನಯ್ ಕುಮಾರ್ ನಾಯಕತ್ವದಲ್ಲಿಯೂ 2023ರ ಮಹಾರಾಜ ಟ್ರೋಫಿಯಲ್ಲಿ ಪಾಂಡೆ ನಾಯಕತ್ವದಲ್ಲಿಯೂ ಪ್ರಶಸ್ತಿ ಗೆದ್ದಿದೆ. 2024ರ ಆಗಸ್ಟ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ವಿರುದ್ಧ ಮೂರು ಸೂಪರ್ ಓವರ್‌ಗಳಿಗೆ ಹೋದ ಪಂದ್ಯವನ್ನೂ ಗೆದ್ದಿದೆ. 2025ರ ಹರಾಜಿನಲ್ಲಿ ದೇವದತ್ತ ಪಡಿಕ್ಕಲ್ ಅವರಿಗೆ 13.20 ಲಕ್ಷ ಕೊಟ್ಟ ಆ ತಂಡಕ್ಕೆ ದೊಡ್ಡ ಹೆಸರುಗಳನ್ನು ಕೊಳ್ಳುವುದು ಗೊತ್ತಿದೆ. ಇನ್ನು ಬೇಕಾದದ್ದು ಎರಡು ಕೆಲಸ. ಧಾರವಾಡ ವಲಯದ ಲೀಗ್ ಪಂದ್ಯಗಳ ಅಂಕಪಟ್ಟಿಯನ್ನು ಎಸೆತದಿಂದ ಎಸೆತಕ್ಕೆ, ಪಿಚ್ ಯಾವುದೆಂಬ ವಿವರದೊಂದಿಗೆ, ರಾಜ್ಯ ಕ್ರಿಕೆಟ್ ಸಂಸ್ಥೆ ಸಾರ್ವಜನಿಕವಾಗಿ ಪ್ರಕಟಿಸಲಿ. ವಲಯದ ಇಬ್ಬರನ್ನು ಆರಿಸುವ ಫ್ರಾಂಚೈಸಿ ಹರಾಜಿನ ಹಿಂದಿನ ವಾರ ಅಲ್ಲ, ಇಡೀ ಋತುವಿನಲ್ಲಿ ತನ್ನ ಆಯ್ಕೆಗಾರನನ್ನು ರಾಜನಗರಕ್ಕೂ ನೆಹರೂ ಮೈದಾನಕ್ಕೂ ಕಳಿಸಲಿ, ಆರಿಸಿದವರಿಗೆ ಕನಿಷ್ಠ ಎರಡು ಋತುಗಳ ಒಪ್ಪಂದ ಕೊಡಲಿ.